ದೊಡ್ಡಜಗಲಿಯಲ್ಲಿ ಎರಡು ದಿನ

ಚಾಮರಾಜನಗರದ ಹಳೇ ಪೇಟೆಯಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ, ರೇಷ್ಮೆ ವ್ಯಾಪಾರಿಗಳ ಮನೆಯೊಂದಿತ್ತು. ಬೀದಿಯವರು ಅದನ್ನು ದೊಡ್ಡಜಗಲಿ ಮನೆ ಎನ್ನುತ್ತಿದ್ದರು. ಸುಧಾಮಣಿ ಹುಟ್ಟಿ ಬೆಳೆದದ್ದು ಅದರ ಪಕ್ಕದ ಅಡ್ಡಬೀದಿಯಲ್ಲಿ. ಅವಳ ಅಪ್ಪ ಅಲ್ಲೊಂದು ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ದೊಡ್ಡಮನೆಯವರ ರಾಗಿಹಿಟ್ಟಿನ ಡಬ್ಬವನ್ನು ತಲೆಯ ಮೇಲಿಟ್ಟುಕೊಂಡು ಹೋಗಿ ಜಗಲಿಯ ಮೇಲಿಟ್ಟು ಬರುವುದು ಲಂಗದ ಹುಡುಗಿಯಾಗಿದ್ದಾಗ ಅವಳ ಕೆಲಸವಾಗಿತ್ತು. ಬಾಗಿಲು ಸದಾ ತೆರೆದೇ ಇರುತ್ತಿತ್ತು. ಒಳಗಿನ ತೊಟ್ಟಿಯ ಬೆಳಕು, ತೂಗುಮಂಚದ ಹಿತ್ತಾಳೆ ಸರಪಳಿ, ಅದರ ಮೇಲೆ ಕೂತವರ ಕಾಲು, ಇಷ್ಟು ಕಾಣುತ್ತಿತ್ತು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಡಬ್ಬ ಇಟ್ಟಳು, ಬಂದಳು. ಅಷ್ಟೇ.

ಆಮೇಲೆ ಅವಳು ಉಡಿಗಾಲದ ಪುಟ್ಟಮಲ್ಲಪ್ಪನನ್ನು ಮದುವೆಯಾಗಿ ಹೋದಳು. ಅರಿಸಿನ, ಬಾಳೆ ಬೆಳೆಯುವ ಮನೆ. ಮಗ ಬಸವಪ್ರಸಾದ್ ಬೆಳೆದು ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ವ್ಯಾಪಾರ ಹಿಡಿದ. ಅವನ ಮದುವೆಯಾದ ಮರುವರ್ಷವೇ ಪುಟ್ಟಮಲ್ಲಪ್ಪ ತೀರಿಕೊಂಡ. ಅವನ ಇಷ್ಟದಂತೆ ಅವನನ್ನು ಸ್ವಂತ ಹೊಲದಲ್ಲಿ, ಮೋಟಾರು ಮನೆಯ ಪಕ್ಕದ ಹೊಂಗೆ ಮರದಡಿ ಸಮಾಧಿ ಮಾಡಿದರು. ಸುಧಾಮಣಿ ಮಗನ ಮನೆಗೆ ಬಂದಳು. ಆದರೆ ಸೋಮವಾರ ಬಂತೆಂದರೆ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಉಡಿಗಾಲದ ಹೊಲಕ್ಕೆ ಹೋಗಿ, ಗಂಡನ ಸಮಾಧಿಗೆ ನೀರು ಹಾಕಿ, ಹೂವಿಟ್ಟು, ಸ್ವಲ್ಪ ಹೊತ್ತು ಕೂತು ಬರುವುದನ್ನು ಅವಳು ಒಂದು ವಾರವೂ ತಪ್ಪಿಸಿರಲಿಲ್ಲ.

ಸೊಸೆ ಶಿವರಂಜನಿ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಮಾವ ತೀರಿಕೊಂಡ ಮೇಲೆ ಅತ್ತೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ತಿಂಗಳುಗಟ್ಟಲೆ ಮಲಗಿದವಳು ಅವಳೇ. ಅತ್ತೆ ಸೊಸೆಯ ತಲೆ ಬಾಚುವುದು, ಸೊಸೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವುದು, ಅದರ ನಡುವೆ ಕತೆಗಳು. ದೊಡ್ಡಜಗಲಿ ಮನೆಯ ಕತೆಯನ್ನು ಶಿವರಂಜನಿ ಎಷ್ಟು ಸಲ ಕೇಳಿದ್ದಳೋ.

"ಒಂದ್ ದಿವ್ಸ ಆ ತೂಗುಮಂಚದ ಮೇಲೆ ಕುಂತು ತೂಗ್ಬೇಕು ಅಂತ ಆಸೆ ಇತ್ತು ಕಣಮ್ಮಿ," ಎಂದು ಸುಧಾಮಣಿ ನಗುತ್ತಿದ್ದಳು. "ಈಗ ಆ ಮನೆಯೋರೇ ಇಲ್ಲ. ಮೈಸೂರು ಸೇರ್ಕಂಡ್ರು."

ಆ ಮನೆ ಈಚೆಗೆ ಹೋಟೆಲಾಯಿತು. ಯಾರೋ ಹೊರಗಿನವರು ಕೊಂಡು, ಗೋಡೆಗೆ ಸುಣ್ಣ ಬಳಿದು, ಮರದ ಕಂಬಗಳಿಗೆ ಪಾಲಿಶ್ ಹಾಕಿಸಿ, 'ದೊಡ್ಡಜಗಲಿ' ಎಂದೇ ಹೆಸರಿಟ್ಟರು. ಬಂಡೀಪುರಕ್ಕೆ ಬರುವ ದುಡ್ಡಿನವರು ಅಲ್ಲಿ ತಂಗಿ ಹೋಗುತ್ತಾರಂತೆ ಎಂದು ಊರಲ್ಲಿ ಸುದ್ದಿಯಾಯಿತು.

ಆ ವರ್ಷದ ದೀಪಾವಳಿಯಲ್ಲಿ ಇನ್ನೊಂದು ಮಾತು ಎದ್ದಿತ್ತು. ಉಡಿಗಾಲದ ಹೊಲ ರಸ್ತೆಯ ಪಕ್ಕದ್ದು. ಅಲ್ಲೊಂದು ಮದುವೆ ಚೌಲ್ಟ್ರಿ ಕಟ್ಟಲು ಒಬ್ಬರು ಕೇಳಿದ್ದರು. ಪುಟ್ಟಮಲ್ಲಪ್ಪನ ತಮ್ಮ ಗಂಗಾಧರಸ್ವಾಮಿಗೂ ಬಸವಪ್ರಸಾದ್‌ಗೂ ಕೊಡುವ ಮನಸ್ಸು. ಆದರೆ ಸಮಾಧಿಯ ಪಕ್ಕದಲ್ಲಿ ತಾಳಿ ಕಟ್ಟಿಸಲು ಯಾರು ಬರುತ್ತಾರೆ, ಅದನ್ನು ಬೇರೆ ಕಡೆಗೆ ಸಾಗಿಸಿ ಎಂದು ಕೊಳ್ಳುವವರ ಷರತ್ತು.

"ನಾನಿರೋಗಂಟ ಬೇಡ. ನಾನ್ ಓದ್ಮೇಲೆ ಏನಾರ ಮಾಡ್ಕಳಿ," ಎಂದಿದ್ದಳು ಸುಧಾಮಣಿ. ಮಗ ತಲೆಯಾಡಿಸಿದ. ಮೈದುನ ಕಾಫಿ ಕುಡಿದು ಎದ್ದು ಹೋದ. ಆ ಮಾತು ಅಲ್ಲಿಗೆ ಮುಗಿಯಿತೆಂದು ಅವಳು ತಿಳಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶಿವರಂಜನಿ ಅಡುಗೆಮನೆಯಲ್ಲಿ ಅತ್ತೆಯ ಹೆಗಲ ಮೇಲೆ ಗಲ್ಲ ಊರಿ, "ಭಾನುವಾರ ನಾವಿಬ್ರೂ ದೊಡ್ಡಜಗಲಿಗೆ ಹೋಗ್ತಾ ಇದ್ದೀವಿ. ಎರಡು ರಾತ್ರಿ ಅಲ್ಲೇ," ಎಂದಳು.

"ಥೂ, ಉಚ್ಚಾ ನಿಂಗೆ? ನಮ್ಮಂಥೋರಿಗಾ ಅದು?"

"ಮಾತಾಡ್ಬೇಡಿ ಅತ್ತೆ. ರೂಮ್ ಹೇಳಿಯಾಯ್ತು."

ಸುಧಾಮಣಿ ಬೇಡ ಬೇಡವೆನ್ನುತ್ತಲೇ ಮೈಸೂರು ಸಿಲ್ಕ್ ಸೀರೆಯನ್ನು ಬಿಸಿಲಿಗೆ ಹಾಕಿದಳು.

ಭಾನುವಾರ ಮಧ್ಯಾಹ್ನ ಬಸವಪ್ರಸಾದ್ ಕಾರಿನಲ್ಲಿ ಅವರನ್ನು ತಂದು ಬಿಟ್ಟು ಹೋದ. ಜಗಲಿ ಹತ್ತಿ ಹೊಸಿಲ ಮುಂದೆ ಬಂದಾಗ ಸುಧಾಮಣಿಯ ಕಾಲು ತಾನಾಗಿಯೇ ನಿಂತಿತು. ಶಿವರಂಜನಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಒಳಗೆ ತೊಟ್ಟಿಯಲ್ಲಿ ತಾವರೆ ಬಿಟ್ಟಿದ್ದರು. ನೆಲ ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಹೋಟೆಲಿನ ಮ್ಯಾನೇಜರ್ ದಿಲೀಪ್ ಎಂಬ ಚುರುಕು ಮನುಷ್ಯ ಬಂದು ಬೆಲ್ಲದ ಪಾನಕ ಕೊಟ್ಟ. ಇವಳು ಈ ಮನೆಗೆ ಹಿಟ್ಟು ಹೊತ್ತು ತರುತ್ತಿದ್ದಳೆಂದು ಸೊಸೆ ಹೇಳಿದಳು. ದಿಲೀಪನಿಗೆ ಬಹಳ ಖುಷಿಯಾಗಿ, ಮನೆಯನ್ನೆಲ್ಲ ಸುತ್ತಿ ತೋರಿಸಿದ. ದೇವರ ಕೋಣೆ ಈಗ ಪುಸ್ತಕ ಓದುವ ಕೋಣೆ, ಬಾಣಂತಿ ಕೋಣೆ ಈಗ ಮಸಾಜು ಮಾಡುವ ಕೋಣೆ. ಅಡುಗೆಮನೆಯ ಒಲೆ ಮಾತ್ರ ಹಾಗೇ ಇತ್ತು. ಅವರ ರೂಮಿನ ಮಂಚ ಎಷ್ಟು ಎತ್ತರವೆಂದರೆ ಹತ್ತಲು ಮಣೆ ಇಟ್ಟಿದ್ದರು. ರಾತ್ರಿ ಅತ್ತೆ ಸೊಸೆ ಅದರ ಮೇಲೆ ಮಲಗಿ, ಉರುಳಿ ಬಿದ್ದರೆ ಯಾರು ಮೊದಲು ಬೀಳುವುದು ಎಂದು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಮವಾರ ಬೆಳಿಗ್ಗೆ ಸುಧಾಮಣಿಗೆ ಎಂದಿನಂತೆ ಬೇಗ ಎಚ್ಚರವಾಯಿತು.

"ಉಡಿಗಾಲಕ್ಕೆ ಓಗ್ಬುಟ್ಟು ಬರನ ಕಣಮ್ಮಿ. ಇಲ್ಲಿಂದ ಇನ್ನೂ ಅತ್ರ."

ಶಿವರಂಜನಿ ತಲೆಗೂದಲು ಕಟ್ಟಿಕೊಳ್ಳುತ್ತಿದ್ದವಳು ತಿರುಗಿ ನೋಡಲಿಲ್ಲ. "ನಾಳೆ ಮನೆಗೆ ಹೋಗೋವಾಗ ಅದೇ ದಾರಿ ಅಲ್ವಾ ಅತ್ತೆ? ಇವತ್ತು ನಿಮಗೆ ಎಣ್ಣೆಸ್ನಾನ ಹೇಳಿಬುಟ್ಟಿದ್ದೀನಿ. ಒಂದು ಸೋಮವಾರ ತಪ್ಪಿದ್ರೆ ಮಾವ ಬೇಜಾರ್ ಮಾಡ್ಕೊಳ್ಳಲ್ಲ."

ಸುಧಾಮಣಿಗೆ ಮನಸ್ಸು ಪೂರ್ತಿ ಒಪ್ಪಲಿಲ್ಲ. ಆದರೆ ಇಷ್ಟು ಪ್ರೀತಿಯಿಂದ ಕರೆತಂದವಳ ಮಾತನ್ನು ಮುರಿಯಬಾರದೆಂದು ಸುಮ್ಮನಾದಳು. ದೇವಸ್ಥಾನದ ಕಡೆಗೆ ತಿರುಗಿ, ನಾಳೆ ಬರ್ತೀನಿ ಕಣ್ರೀ ಎಂದು ಗಂಡನಿಗೆ ಮನಸ್ಸಿನಲ್ಲೇ ಹೇಳಿಕೊಂಡಳು.

ಆ ದಿನ ಅವಳಿಗೆ ಬದುಕಿನಲ್ಲಿ ಎಂದೂ ಆಗದ ಉಪಚಾರವಾಯಿತು. ಹೆಂಗಸೊಬ್ಬಳು ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ತಿಕ್ಕಿದಳು. ಆಮೇಲೆ ದೊಡ್ಡ ಬಿಳಿ ಟಬ್ಬಿನಲ್ಲಿ ಹದವಾದ ಬಿಸಿನೀರು ತುಂಬಿ, ಮೇಲೆ ಗುಲಾಬಿ ಪಕಳೆ ಚೆಲ್ಲಿ ಕೂರಿಸಿದರು. ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ನೀರಿನಲ್ಲಿ ಕೂತ ಸುಧಾಮಣಿ ಬಾಗಿಲಾಚೆ ಕಾದಿದ್ದ ಸೊಸೆಗೆ ಕೂಗಿ ಹೇಳಿದಳು:

"ನಿಮ್ಮ ಮಾವ ಇದ್ದಿದ್ರೆ ಇದ್ರಲ್ಲಿ ಎಮ್ಮೆ ತೊಳೀಬೋದು ಅಂತಿದ್ರು ಕಣೇ!"

ಶಿವರಂಜನಿ ನಕ್ಕ ಸದ್ದು ಕೇಳಿಸಿತು. ಆಮೇಲೆ ಅವಳ ಫೋನು ಹೊಡೆದುಕೊಂಡಿತು. ಅವಳು ದೂರ ಹೋದಳು. ಬಹಳ ಹೊತ್ತು ಬರಲಿಲ್ಲ.

ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಏನೆಂದು ಕೇಳಿದರೆ, ಸೀಗೆಪುಡಿ ಗಾಳಿಗೆ ಹಾರಿತು ಎಂದಳು. ಸ್ನಾನ ಮುಗಿಸಿ ಸುಧಾಮಣಿ ತೂಗುಮಂಚದಲ್ಲಿ ಕೂತಾಗ ದಿಲೀಪ್ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ಒದ್ದೆ ಕೂದಲು ಬಿಟ್ಟುಕೊಂಡು, ಕಾಲು ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದ ತನ್ನನ್ನು ನೋಡಿ ಸುಧಾಮಣಿಗೇ ನಾಚಿಕೆಯಾಯಿತು.

ಮಂಗಳವಾರ ಬೆಳಿಗ್ಗೆ ಸೊಸೆ ಇನ್ನೂ ಮಲಗಿದ್ದಳು. ಸಮಾಧಿಗೆ ಹೂವು ಕೊಳ್ಳೋಣವೆಂದು ಸುಧಾಮಣಿ ಒಬ್ಬಳೇ ಹೊರಟಳು. ಅಪ್ಪನ ಮಿಲ್ಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ದೇವಸ್ಥಾನದ ಮುಂದೆ ಹೂವು, ವೀಳ್ಯದೆಲೆ ಹರಡಿಕೊಂಡು ಕೂತವರಲ್ಲಿ ಉಡಿಗಾಲದ ಮಲ್ಲಾಜಮ್ಮ ಇದ್ದಳು. ಪುಟ್ಟಮಲ್ಲಪ್ಪನ ಕಾಲದಿಂದಲೂ ಹೊಲದ ಕೆಲಸಕ್ಕೆ ಬರುತ್ತಿದ್ದವಳು. ಸುಧಾಮಣಿಯನ್ನು ಕಂಡದ್ದೇ ಎದ್ದು ನಿಂತಳು.

"ಅಯ್ಯೋ ಅಮ್ಮಾರೇ, ಇಲ್ಲೇ ಇದ್ದೀರಾ? ಸಮಾಧಾನ ಮಾಡ್ಕಳಿ. ನೆನ್ನೆಯಿಂದ ನಿಮ್ಮನ್ನೇ ನೆನಸ್ಕತಾ ಇವ್ನಿ."

"ಯಾಕ್ ಮಲ್ಲಾಜಮ್ಮ?"

"ಅಯ್ನೋರ್ನ ಎತ್ತುದ್ರಲ್ಲ."

"ಯಾವ ಅಯ್ನೋರ್ನ?"

ಹೂವು ಅಳೆಯುತ್ತಿದ್ದ ಮಲ್ಲಾಜಮ್ಮನ ಮೊಳಕೈ ಹಾಗೇ ನಿಂತಿತು. "ನಮ್ಮಯ್ನೋರ್ನ ಕಣಮ್ಮಾ. ಒಂಗೆ ಮರದಡೀಲಿದ್ದೋರ್ನ. ಮಠದ ಸ್ವಾಮಿಗೋಳು ಬಂದಿದ್ರು, ಜೇಸಿಬಿ ಬಂದಿತ್ತು. ಊರಾಚೆ ರುದ್ರಭೂಮೀಲಿ ಇಕ್ಕುದ್ರು. ಅಮ್ಮಾರೆಲ್ಲಿ ಅಂತ ನಾನೇ ಕೇಳ್ದೆ. ಅವ್ರೇ ಒಪ್ಪವ್ರೆ, ಕಣ್ಣಲ್ಲಿ ನೋಡಕ್ಕಾಗಕಿಲ್ಲ ಅಂತ ಬರ್ನಿಲ್ಲ ಅಂದ್ರು ನಿಮ್ಮ ಮೈದ್ನ, ಚಿಕ್ಕಯ್ನೋರು. ಯಾಕಮ್ಮಾ, ನಿಮ್ಗೆ ಗೊತ್ತಿರ್ನಿಲ್ವಾ?"

ಬೀದಿಯ ಸದ್ದೆಲ್ಲ ಸುಧಾಮಣಿಗೆ ನೀರಿನೊಳಗಿಂದ ಕೇಳಿದಂತಾಯಿತು. ಆದರೆ ಮನೆಯ ಮಾನ ಎಂಬುದೊಂದು ಹೆಂಗಸರ ನಾಲಿಗೆಯ ಮೇಲೆ ಯಾವಾಗಲೂ ಕಾವಲು ಕೂತಿರುತ್ತದೆ. ಅವಳ ಬಾಯಿಂದ ಬಂದ ಮಾತು ಒಂದೇ:

"ಗೊತ್ತು ಬುಡು."

ಹೂವಿನ ಪೊಟ್ಟಣ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದವಳು ಮತ್ತೆ ತಿರುಗಿ ಬಂದಳು. "ಯಾವೊತ್ನಲ್ಲಿ?"

"ಬಿಸ್ಲು ನೆತ್ತಿಗ್ ಬಂದಿತ್ತು. ಆಳುಗೋಳು ಉಣ್ಣಕ್ ಕುಂತಿದ್ರು."

ರೂಮಿಗೆ ಬಂದಾಗ ಶಿವರಂಜನಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಸುಧಾಮಣಿ ಬಾಗಿಲು ಮುಚ್ಚಿ ಅದಕ್ಕೆ ಒರಗಿ ನಿಂತಳು.

"ನೆನ್ನೆ ಮಧ್ಯಾಹ್ನ ನಿಂಗೊಂದು ಫೋನ್ ಬಂತಲ್ಲ. ಯಾರ್ದು?"

"ಇವರದು ಅತ್ತೆ."

"ಏನಂದ? ಎತ್ತಾಯ್ತು ಅಂದ್ನಾ, ಇಕ್ಕಾಯ್ತು ಅಂದ್ನಾ?"

ಶಿವರಂಜನಿ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಬೇಡ ಅಂದೆ ಅತ್ತೆ. ಹೇಳಿ ಮಾಡಿ ಅಂತ ಇವರ ಕಾಲಿಗ್ ಬಿದ್ದೆ. ಹೇಳುದ್ರೆ ಅವ್ವ ಹೋಗಿ ಸಮಾಧಿ ಮೇಲೆ ಮಲಕ್ಕತಾಳೆ, ಊರೆಲ್ಲ ನಗುತ್ತೆ ಅಂದ್ರು. ಸ್ವಾಮಿಗಳು ಸೋಮವಾರಾನೇ ಒಳ್ಳೇದು ಅಂದ್ರಂತೆ. ಸೋಮವಾರ ನೀವು ಅಲ್ಲಿರ್ತೀರಲ್ಲ, ಅದಕ್ಕೆ..."

"ಅದಕ್ಕೆ ನನ್ನ ಎಲ್ಲಾದ್ರೂ ಕಟ್ಟಾಕ್ಬೇಕಾಗಿತ್ತು."

ಸೊಸೆ ಮುಖ ಮುಚ್ಚಿಕೊಂಡಳು.

"ಈ ಮನೆಗೆ ಕರ್ಕೊಂಡ್ ಬರೋ ಯೋಚ್ನೆ ಯಾರ್ದು?" ಸುಧಾಮಣಿಯ ದನಿ ಏರಲಿಲ್ಲ. "ಪ್ರಸಾದಂಗೆ ಈ ಮನೆ ವಿಷ್ಯ ಗೊತ್ತೇ ಇಲ್ಲ. ಅವನಿಗೆ ನಾನು ಹೇಳಿಲ್ಲ."

ತೊಟ್ಟಿಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದಾಯಿತು.

"ನಂದು," ಎಂದಳು ಶಿವರಂಜನಿ. "ಗೋಪಾಲಸ್ವಾಮಿ ಬೆಟ್ಟಕ್ಕೆ ಕರ್ಕೊಂಡ್ ಹೋಗು, ಮೈಸೂರಿಗೆ ಕರ್ಕೊಂಡ್ ಹೋಗು ಅಂದ್ರು. ಹೋಗೋದೇ ಆದ್ರೆ ನಿಮಗೆ ಇಷ್ಟವಾದ ಕಡೆ ಹೋಗನ, ಎರಡು ದಿನಾನಾದ್ರೂ ನೀವು ಸುಖವಾಗಿರ್ಲಿ ಅಂತ ನಾನೇ... ನಿಜವಾಗ್ಲೂ ಅತ್ತೆ, ನಿಮ್ಮಾಣೆ."

ಅದು ನಿಜವೇ ಎಂದು ಸುಧಾಮಣಿಗೆ ಅನಿಸಿತು. ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇವಳ ಪ್ರೀತಿ ನಾಟಕವಾಗಿದ್ದರೆ ಬೈದು, ಕೂಗಾಡಿ ಮುಗಿಸಬಹುದಿತ್ತು. ಅಲ್ಲಿ ಗುದ್ದಲಿ ಬೀಳುವ ಹೊತ್ತಿನಲ್ಲಿ ತಾನು ಗುಲಾಬಿ ಪಕಳೆಯ ನೀರಿನಲ್ಲಿ ಕೂತು ಗಂಡನ ಹೆಸರು ಹೇಳಿಕೊಂಡು ನಗುತ್ತಿದ್ದಳು, ಇವಳು ಬಾಗಿಲಾಚೆ ನಿಂತು ಕೇಳುತ್ತಿದ್ದಳು. ತನ್ನ ಜನ್ಮದಲ್ಲಿ ಅಷ್ಟು ಸಂತೋಷಪಟ್ಟ ಮಧ್ಯಾಹ್ನ ಇನ್ನೊಂದಿರಲಿಲ್ಲ. ಅದನ್ನು ಇನ್ನು ಎಲ್ಲಿ ಇಡುವುದು?

"ನನ್ ಮಗ ಕದ್ದ," ಎಂದಳು. "ಕಳ್ಳನ್ನ ಹೆತ್ತೆ ಅಂತ ಅಂದ್ಕೊಂಡು ಬುಡ್ತೀನಿ. ನೀನು, ನನ್ ಬಾಯಿಂದ ಕೇಳಿಸ್ಕೊಂಡ ಮಾತ್ನೇ ಬಲೆ ಮಾಡಿ ನನ್ ಮೇಲೆ ಬೀಸ್ದೆಯಲ್ಲ ಕಣಮ್ಮಿ."

ಸಿಲ್ಕ್ ಸೀರೆಯನ್ನು ಅಲ್ಲೇ ಬಿಟ್ಟು, ಕೈಚೀಲವೊಂದನ್ನೇ ತೆಗೆದುಕೊಂಡು ಅವಳು ಹೊರಬಂದಳು. ಬಾಗಿಲಲ್ಲಿ ದಿಲೀಪ್ ಎದುರಾದ. ಏನೂ ತಿಳಿಯದ ಅವನು ನಗುತ್ತಾ, "ಅಮ್ಮಾ, ನಿಮ್ಮ ಫೋಟೋ ಬಹಳ ಚೆನ್ನಾಗಿ ಬಂದಿದೆ. ದೊಡ್ಡದು ಮಾಡಿಸಿ ಇಲ್ಲೇ ಹಾಲ್‌ನಲ್ಲಿ ಹಾಕೋಣ ಅಂತಿದ್ದೀವಿ," ಎಂದ.

"ಆಕ್ಬೇಡಿ ಕಣಪ್ಪ," ಎಂದಳು ಸುಧಾಮಣಿ. "ಅಳಿಸಿಬುಡಿ. ಅದ್ರಲ್ಲಿ ನಾನು ನಗ್ತಾ ಇದ್ದೀನಿ."

ದೇವಸ್ಥಾನದ ಮುಂದೆ ಹಾದು ಹೋಗುವಾಗ ಅವಳು ಮಲ್ಲಾಜಮ್ಮನ ಬಳಿ ನಿಂತಳು. ಸುತ್ತ ಹೂವು ಕೊಳ್ಳುವವರಿದ್ದರು. ಅವರಿಗೂ ಕೇಳುವ ಹಾಗೆಯೇ ಹೇಳಿದಳು: "ಆಗ್ಲೇ ಸುಳ್ಳೇಳ್ದೆ ಮಲ್ಲಾಜಮ್ಮ. ನಂಗೆ ಗೊತ್ತಿರ್ನಿಲ್ಲ. ನಾನು ಒಪ್ಪಿರ್ನಿಲ್ಲ."

ಮಲ್ಲಾಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಬಸ್ಸು ಉಡಿಗಾಲದಲ್ಲಿ ಇಳಿಸಿತು. ಹೊಂಗೆ ಮರ ನಿಂತೇ ಇತ್ತು, ಒಂದು ಕಡೆಯ ಬೇರು ಕಿತ್ತು ಬಂದಿತ್ತು. ಅದರಡಿ ಕೆಂಪುಮಣ್ಣು ಹರಡಿ ಮಟ್ಟ ಮಾಡಿದ್ದರು. ಜೇಸಿಬಿಯ ಚಕ್ರದ ಗುರುತು ರಸ್ತೆಯವರೆಗೂ ಇತ್ತು. ಸುಧಾಮಣಿ ಆ ಮಣ್ಣನ್ನು ತುಳಿಯದೆ ಸುತ್ತಿ ಬಳಸಿಕೊಂಡು ಊರಾಚೆಯ ರುದ್ರಭೂಮಿಗೆ ನಡೆದಳು. ಹೊಸ ಗುಡ್ಡೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಅದರ ಮೇಲೆ ಮಗನ ವ್ಯಾಪಾರದ ಚೆಂಡುಹೂವನ್ನು ಮೂಟೆಗಟ್ಟಲೆ ಸುರಿದಿದ್ದರು. ತಾನು ತಂದ ಹೂವಿನ ಪೊಟ್ಟಣ ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ.

ಸೊಸೆ ಫೋನು ಮಾಡಿರಬೇಕು, ಸ್ವಲ್ಪ ಹೊತ್ತಿಗೆ ಕಾರು ಬಂತು. ಬಸವಪ್ರಸಾದ್, ಗಂಗಾಧರಸ್ವಾಮಿ ಇಳಿದರು. ಮಗ ದೂರದಲ್ಲೇ ನಿಂತ.

"ಅವ್ವಾ, ಶಾಸ್ತ್ರವಾಗೇ ಮಾಡಿದ್ದೀವಿ. ಯಾವ್ದೂ ಕಮ್ಮಿ ಮಾಡ್ನಿಲ್ಲ."

"ಗುಂಡಿಗೆ ಇಳ್ದೋರ್ ಯಾರು?"

"ನಾನೇ."

"ಕೈಯಲ್ಲಿ ಎತ್ಕೊಂಡೆಯಾ?"

"ಬಿಳೀ ಬಟ್ಟೇಲಿ."

"ಲಿಂಗ ಸಿಕ್ತಾ?"

"ಸಿಕ್ತು. ತಿರ್ಗ ಅಪ್ಪನ ಜೊತೇನೇ ಇಟ್ಟೆ."

ಸುಧಾಮಣಿ ಗುಡ್ಡೆಯನ್ನೇ ನೋಡುತ್ತಾ ಕೇಳಿದಳು, "ಭಾರ ಇದ್ರಾ?"

ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಬಸವಪ್ರಸಾದನ ದನಿ ಒಡೆಯಿತು. "ಇರ್ನಿಲ್ಲ ಅವ್ವಾ. ಕೂಸು ಎತ್ಕೊಂಡಂಗಿತ್ತು."

ಅವನು ಅಳತೊಡಗಿದ. ಸುಧಾಮಣಿಗೆ ಮಗನನ್ನು ಸಮಾಧಾನಪಡಿಸಬೇಕು ಎನಿಸಲಿಲ್ಲ. ಅವನ ಕೈಗಳನ್ನೇ ನೋಡಿದಳು. ಆ ಕೈಗೆ ಸಿಕ್ಕಿದ್ದು ತನ್ನ ಕೈಗೆ ಸಿಗಬೇಕಾಗಿತ್ತು ಎಂಬ ಹೊಟ್ಟೆಕಿಚ್ಚು ಕರುಳನ್ನು ಸುಟ್ಟಿತು.

ಗಂಗಾಧರಸ್ವಾಮಿ ಮುಂದೆ ಬಂದ. "ಅತ್ಗೆ, ನಿಜ ಹೇಳಿ. ನಾವು ಕೇಳಿದ್ರೆ ನೀವು ಒಪ್ತಿದ್ರಾ?"

"ಒಪ್ತಿರ್ನಿಲ್ಲ."

"ಮತ್ತೆ?"

"ಒಪ್ಪದಿದ್ರೂ ಬಂದು ನಿಂತ್ಕತಿದ್ದೆ ಕಣಪ್ಪ. ಜಗಳ ಆಡ್ತಿದ್ದೆ, ನಿಮ್ಮನ್ನೆಲ್ಲ ಬಾಯಿಗ್ ಬಂದಂಗೆ ಬಯ್ತಿದ್ದೆ. ಕೊನೇಗೆ ನೀವು ಎತ್ತೇ ಎತ್ತೀರಿ ಅಂದಾಗ ನನ್ ಮಡ್ಲಿಗೆ ಕೊಡಿ ಅಂತಿದ್ದೆ. ಇಲ್ಲೀಗಂಟ ನಾನೇ ಇಟ್ಕೊಂಡ್ ಬರ್ತಿದ್ದೆ. ಅದು ನನ್ ಪಾಲು. ಒಲದಲ್ಲಿ ನಿಮ್ ಪಾಲು ಏನಿತ್ತೋ ಮಾರ್ಕಂಡ್ರಿ. ನನ್ ಪಾಲ್ನ ಯಾಕ್ ತಿಂದ್ರಿ? ಅದ್ರ ಮೇಲೆ, ನಾನೇ ಒಪ್ಪುದೆ ಅಂತ ಊರಿಗೇಳುದ್ರಿ."

ಕಾರಿಗೆ ಬನ್ನಿ, ಮನೆಗೆ ಹೋಗನ ಎಂದು ಮಗ ಅಂಗಲಾಚಿದ. ಅವಳು ಹತ್ತಲಿಲ್ಲ. ಉಡಿಗಾಲದ ಬೀದಿಯಲ್ಲಿ ನಡೆದೇ ಹೋದಳು. ಜಗಲಿಗಳ ಮೇಲೆ ಕೂತವರು ಸಮಾಧಾನದ ಮಾತಾಡಲು ಬಂದರು. ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: "ನಂಗೆ ಗೊತ್ತಿರ್ನಿಲ್ಲ. ಕೇಳ್ದೆ ಮಾಡುದ್ರು." ಹಿಂದೆ ನಿಧಾನವಾಗಿ ಬರುತ್ತಿದ್ದ ಕಾರಿನಲ್ಲಿ ಮಗ, ಮೈದುನ ತಲೆ ತಗ್ಗಿಸಿ ಕೂತಿದ್ದರು.

ಆ ದಿನ ಅವಳು ಹೋದದ್ದು ತೆರಕಣಾಂಬಿಯ ಅಕ್ಕ ಸುಂದ್ರಮ್ಮನ ಮನೆಗೆ. ಸುಂದ್ರಮ್ಮ ಗಂಡ ಹೋದ ಮೇಲೂ ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಬಳೆ ಅಂಗಡಿ ನಡೆಸಿಕೊಂಡಿದ್ದಳು. ತಂಗಿಯ ಮಾತನ್ನೆಲ್ಲ ಕೇಳಿ, "ಉಣ್ಣು ಮೊದ್ಲು," ಎಂದಳು. ಎಷ್ಟು ದಿನ ಇರುತ್ತೀ ಎಂದು ಕೇಳಲಿಲ್ಲ. ಸುಧಾಮಣಿ ಅಲ್ಲೇ ಉಳಿದಳು. ಬೆಳಿಗ್ಗೆ ಅಂಗಡಿಯಲ್ಲಿ ಕೂತು ಬಳೆ ತೊಡಿಸುತ್ತಾಳೆ.

ಚೌಲ್ಟ್ರಿ ಎದ್ದಿತು. ಅದರ ಪ್ರಾರಂಭೋತ್ಸವಕ್ಕೆ ಕರೆಯಲು ಬಂದ ಮಗನಿಗೆ ಊಟ ಬಡಿಸಿ ಕಳಿಸಿದಳು, ಹೋಗಲಿಲ್ಲ. ಮಗನೊಡನೆ ಬರಬರುತ್ತಾ ಮಾತುಕತೆ ಮತ್ತೆ ಕೂಡಿತು. ತೂಕ ಇಳಿದಿದ್ದೀಯಲ್ಲೋ ಎಂದು ಬಯ್ಯುವವರೆಗೂ ಬಂತು. ಶಿವರಂಜನಿಯೊಡನೆ ಮಾತ್ರ ಹಾಗಾಗಲಿಲ್ಲ.

ಅವಳು ತಿಂಗಳಿಗೊಮ್ಮೆಯಾದರೂ ಬಸ್ಸು ಹಿಡಿದು ಬರುತ್ತಾಳೆ. ಬಾಗಿಲಲ್ಲಿ ಅವಳನ್ನು ಕಂಡರೆ ಸುಧಾಮಣಿ ಎದ್ದು ನಿಂತು, "ಬನ್ನಿ, ಕೂತ್ಕಳಿ. ಕಾಪಿ ಕುಡೀತೀರಾ?" ಎನ್ನುತ್ತಾಳೆ. ಬೀಗರ ಮನೆಯವರನ್ನು ಮಾತಾಡಿಸುವ ಹಾಗೆ. ಮೊದಲ ಸಲ ಹಾಗೆ ಕರೆಸಿಕೊಂಡಾಗ ಶಿವರಂಜನಿ ಕೈಲಿದ್ದ ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತಳು.

"ಬಯ್ಯಿ ಅತ್ತೆ. ಹೊಡೀರಿ ಬೇಕಾದ್ರೆ. ಹಿಂಗೆ ಮಾತ್ರ ಮಾತಾಡಿಸ್ಬೇಡಿ," ಎಂದು ಹೋದ ತಿಂಗಳು ಬಂದಾಗ ಕಾಲು ಹಿಡಿದುಕೊಂಡು ಅತ್ತಳು.

ಸುಧಾಮಣಿ ಅವಳ ಭುಜ ಹಿಡಿದು ಎಬ್ಬಿಸಿದಳು. ಕೂದಲು ಎಣ್ಣೆ ಕಾಣದೆ ಒಣಗಿತ್ತು, ಬೈತಲೆ ಸೊಟ್ಟಗಿತ್ತು. ಬಾಚಣಿಗೆ ತರಲು ಕೈ ತಾನಾಗಿಯೇ ಗೂಡಿನ ಕಡೆಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ಬಸ್ಸಿಗೆ ಒತ್ತಾಯ್ತು, ಓಗಿ ಬನ್ನಿ," ಎಂದಳು.

ಸೊಸೆಯನ್ನು ಬಸ್ಸು ಹತ್ತಿಸಿ ಬಂದ ಮೇಲೆ ಸುಂದ್ರಮ್ಮ ಬಳೆಗಳನ್ನು ಡಬ್ಬಿಗೆ ಹಾಕುತ್ತಾ ಕೇಳಿದಳು, "ಇನ್ನೂ ಎಷ್ಟ್ ದಿನ ಆ ಎಣ್ಮಗೀಗೆ ಶಿಕ್ಷೆ ಕೊಡ್ತೀಯೇ?"

"ಶಿಕ್ಷೆ ಅಲ್ಲ ಕಣಕ್ಕ," ಎಂದಳು ಸುಧಾಮಣಿ. "ಅವ್ಳು ಮುಂದೆ ಕುಂತ್ರೆ ನನ್ ಬಾಯಿಗೆ ಮಾತೆಲ್ಲ ಬರ್ತವೆ. ಆಡಕ್ಕೆ ಭಯ ಆಗ್ತದೆ."

ಇಬ್ಬರೂ ಸೇರಿ ಅಂಗಡಿಯ ಬಾಗಿಲು ಎಳೆದರು.